ನಿರ್ಧೂಮ ಇಂಧನದ ಋಣ

ಅಡುಗೆಮನೆಯ ಹೊಗೆ ಅಡಗಿತೆಂದರೆ ನಾಡಿನ ಹೊಗೆಯೇ ಅಡಗಿತೆಂದು ತಿಳಿಯುವುದು ನಮ್ಮ ಕಾಲದ ದೊಡ್ಡ ಭ್ರಮೆಗಳಲ್ಲೊಂದು. ಗ್ಯಾಸಿನ ಒಲೆಯಾಗಲಿ, ವಿದ್ಯುತ್ತಿನ ಒಲೆಯಾಗಲಿ, ಬೀದಿಯಲ್ಲಿ ಸದ್ದಿಲ್ಲದೆ ಸರಿದುಹೋಗುವ ಬ್ಯಾಟರಿಯ ವಾಹನವಾಗಲಿ, ಮನೆಯ ಬಾಗಿಲಿಗೆ ಬರುವ ಪ್ರತಿಯೊಂದು ಹೊಸ ಸಾಧನವೂ ಶುದ್ಧವೆಂಬ ಬಿರುದನ್ನು ಹೊತ್ತುಕೊಂಡೇ ಬರುತ್ತದೆ. ನಾವೂ ಸಂತೋಷದಿಂದ ಅದನ್ನು ಬರಮಾಡಿಕೊಳ್ಳುತ್ತೇವೆ. ಆ ಬಿರುದನ್ನು ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದುಂಟು: ಇಲ್ಲಿ ಕಾಣದಾದ ಮಾಲಿನ್ಯವು ಮತ್ತೆಲ್ಲಿ ಕಾಣಿಸಿಕೊಂಡಿತು, ಮತ್ತು ಅದನ್ನು ಉಸಿರಾಡುತ್ತಿರುವವರು ಯಾರು? ಈ ಪ್ರಶ್ನೆಯನ್ನು ಕೇಳದೆ ಹೋದರೆ ಏನಾಗುತ್ತದೆಂಬುದನ್ನು, ಹಾಗೆಯೇ ಒಂದು ಸದ್ವಿಚಾರವು ಜನರ ಮನೆ ಸೇರಲು ಎಷ್ಟು ಕಾಲ ಕಾಯಬೇಕಾಗುತ್ತದೆಂಬುದನ್ನು, ಇಂಗ್ಲೆಂಡಿನಲ್ಲಿ ‘ಕೋಲೈಟ್’ ಎಂಬ ಹೊಗೆರಹಿತ ಇಂಧನವನ್ನು ತಯಾರಿಸಿದ ಕಂಪನಿಯ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ಅಪೂರ್ವ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಮುಚ್ಚಿಹೋದ ಆ ಉದ್ಯಮದ ಕಥೆಯು ಪರರಾಷ್ಟ್ರದ್ದಾದರೂ ಅದರ ಪಾಠ ನಮಗೆ ಅನ್ಯವಾದುದಲ್ಲ.

ಇಂಗ್ಲಿಷರ ಗೃಹಜೀವನದಲ್ಲಿ ಅಗ್ಗಿಷ್ಟಿಕೆಗೆ ಇದ್ದ ಸ್ಥಾನವನ್ನು ಅರಿಯದೆ ಈ ಚರಿತ್ರೆಯನ್ನು ಅರಿಯಲಾಗದು. ಶೀತಪ್ರಧಾನವಾದ ಆ ದೇಶದಲ್ಲಿ ಕೋಣೆಯ ಗೋಡೆಯೊಳಗೆ ತೆರೆದ ಬೆಂಕಿ, ಅದರ ಸುತ್ತ ಕುಟುಂಬ, ಮೇಲೆ ಹೊಗೆಕೊಳವೆ, ಇದು ಬಡವನಿಂದ ಬಲ್ಲಿದನವರೆಗೆ ಎಲ್ಲರ ಮನೆಯ ರೂಢಿಯಾಗಿದ್ದಿತು. ಕಾಡು ಕರಗಿದಂತೆ ಕಟ್ಟಿಗೆಯ ಜಾಗಕ್ಕೆ ಕಲ್ಲಿದ್ದಲು ಬಂದಿತು. ಕಲ್ಲಿದ್ದಲಿನೊಂದಿಗೆ ಮಸಿಯೂ ಗಂಧಕದ ಘಾಟೂ ಬಂದುವು. ಲಂಡನ್ ನಗರದ ಹೊಗೆಯನ್ನು ಕುರಿತು ಜಾನ್ ಎವೆಲಿನ್ ಎಂಬ ವಿದ್ವಾಂಸನು 1661ರಷ್ಟು ಹಿಂದೆಯೇ ‘ಫ್ಯೂಮಿಫ್ಯೂಜಿಯಂ’ ಎಂಬ ಪುಸ್ತಿಕೆಯನ್ನು ಬರೆದು ಅರಸನಿಗೆ ಅರ್ಪಿಸಿದ್ದನು. ಅರಸನು ಅದನ್ನು ಮೆಚ್ಚಿದನಾದರೂ ಹೊಗೆ ಮಾತ್ರ ಮುಂದಿನ ಮೂರು ಶತಮಾನಗಳ ಕಾಲ ಕದಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಂಡನ್ನಿನಲ್ಲಿ ಹೊಗೆಯ ನಿವಾರಣೆಗೆಂದೇ ಸಂಘಗಳು ಸ್ಥಾಪಿತವಾದುವು, ವಸ್ತುಪ್ರದರ್ಶನಗಳು ನಡೆದುವು, ವೈದ್ಯರು ಉಪನ್ಯಾಸ ಮಾಡಿದರು. ಆದರೆ ಕಾರ್ಖಾನೆಯ ಚಿಮಣಿಯನ್ನು ಕುರಿತು ಕಾನೂನು ಮಾಡಲು ಮುಂದಾದ ಶಾಸಕರು ಮನೆಯ ಅಗ್ಗಿಷ್ಟಿಕೆಯ ವಿಷಯ ಬಂದಾಗ ಹಿಂಜರಿದರು. ಪ್ರಜೆಯ ಮನೆಯ ಬೆಂಕಿಯ ಮೇಲೆ ಕೈಹಾಕುವ ಧೈರ್ಯ ಯಾವ ಸರಕಾರಕ್ಕೂ ಇರಲಿಲ್ಲ.

ಇಂಥ ಕಾಲದಲ್ಲಿ, ಕಾನೂನು ಮಾಡಲಾರದ ಕೆಲಸವನ್ನು ಯಂತ್ರಕೌಶಲದಿಂದ ಮಾಡಬಹುದೆಂದು ನಂಬಿದವನು ಥಾಮಸ್ ಪಾರ್ಕರ್. 1843ರಲ್ಲಿ ಶ್ರಾಪ್‌ಷೈರಿನ ಕೋಲ್‌ಬ್ರೂಕ್‌ಡೇಲಿನ ಬಳಿ ಜನಿಸಿದ ಈತನು ಅಲ್ಲಿನ ಪ್ರಸಿದ್ಧವಾದ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ಬಾಲ್ಯದಿಂದಲೇ ದುಡಿದು ಬೆಳೆದನು. ಅದು ಸಾಮಾನ್ಯವಾದ ಊರಲ್ಲ: 1709ರಲ್ಲಿ ಅಬ್ರಹಾಂ ಡಾರ್ಬಿಯು ಕಲ್ಲಿದ್ದಲನ್ನು ಬೇಯಿಸಿ ಕೋಕ್ ಮಾಡಿ, ಆ ಕೋಕಿನಿಂದ ಕಬ್ಬಿಣವನ್ನು ಕರಗಿಸಿದ್ದು ಅಲ್ಲಿಯೇ. ಕಲ್ಲಿದ್ದಲನ್ನು ಸುಡುವ ಮುನ್ನ ಪರಿಷ್ಕರಿಸಬಹುದೆಂಬ ಅರಿವು ಆ ಊರಿನ ಗಾಳಿಯಲ್ಲಿಯೇ ಇದ್ದಿತೆಂದರೆ ಸಲ್ಲುತ್ತದೆ. ಪಾರ್ಕರನು 1862ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಕಾರ್ಖಾನೆಯ ಪರವಾಗಿ ಲಂಡನ್ನಿಗೆ ಹೋಗಿ, ಅಲ್ಲಿ ವಿದ್ಯುತ್ತಿನ ಬ್ಯಾಟರಿಗಳನ್ನು ಕಂಡು, ಮುಂದೆ ಎಲ್ವೆಲ್ ಎಂಬವನ ಜೊತೆಗೂಡಿ 1882ರಲ್ಲಿ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ವಿದ್ಯುದ್ಯಂತ್ರಗಳ ಉದ್ಯಮವನ್ನು ಕಟ್ಟಿದನು. ಲಿವರ್‌ಪೂಲಿನಲ್ಲಿ ಎತ್ತರದ ಕಂಬಗಳ ಮೇಲೆ ಓಡುವ ರೈಲಿಗೆ ವಿದ್ಯುತ್ತನ್ನು ಹೂಡಿದ ಕಾರ್ಯದಲ್ಲಿಯೂ, ವಿದ್ಯುತ್ತಿನಿಂದ ಓಡುವ ಗಾಡಿಗಳನ್ನು ಆ ಕಾಲಕ್ಕೇ ನಿರ್ಮಿಸಿದವರ ಸಾಲಿನಲ್ಲಿಯೂ ಅವನ ಹೆಸರಿದೆ. ಆದರೂ ತನ್ನ ತೌರಿನ ಕಸುಬಾದ ಬೆಂಕಿಯನ್ನು ಅವನು ಮರೆತಿರಲಿಲ್ಲ. ಹೊಗೆ ಕಡಿಮೆಯಾದ ಆಂತ್ರಸೈಟ್ ಕಲ್ಲಿದ್ದಲನ್ನು ಮನೆಯೊಳಗೆ ಉರಿಸಲು ಅನುಕೂಲವಾದ ‘ಕೈರ್ಲ್’ ಎಂಬ ಅಗ್ಗಿಷ್ಟಿಕೆಯನ್ನು ಅವನು ರೂಪಿಸಿದನು. ಅಗ್ಗಿಷ್ಟಿಕೆಯನ್ನು ಬದಲಾಯಿಸುವುದಕ್ಕಿಂತ ಅದರೊಳಗಿನ ಇಂಧನವನ್ನೇ ಬದಲಾಯಿಸುವುದು ಸುಲಭವೆಂಬ ನಿರ್ಣಯಕ್ಕೆ ಬಂದುದು ಆಮೇಲೆ. 1904ರ ಹೊತ್ತಿಗೆ ಕೋಲೈಟ್ ಸಿದ್ಧವಾಯಿತು.

ಅದರ ತತ್ತ್ವವನ್ನು ತುಸು ವಿವರವಾಗಿ ನೋಡುವುದು ಉಚಿತ. ಕಲ್ಲಿದ್ದಲು ಉರಿಯುವಾಗ ಏಳುವ ದಟ್ಟವಾದ ಹೊಗೆಯೆಂದರೆ ಬೇರೇನೂ ಅಲ್ಲ. ಬಿಸಿಯಾದೊಡನೆ ಆವಿಯಾಗಿ ಹೊರಬಿದ್ದು, ಸರಿಯಾಗಿ ಉರಿಯುವ ಮುನ್ನವೇ ಚಿಮಣಿಯನ್ನು ಸೇರಿದ ಟಾರು ಮತ್ತು ಎಣ್ಣೆಗಳು. ಈ ಆವಿಗಳನ್ನು ಮೊದಲೇ ಹೊರಡಿಸಿಬಿಟ್ಟರೆ ಉಳಿದ ಇದ್ದಲಿನಿಂದ ಹೊಗೆ ಬರಲು ಕಾರಣವೇ ಇರದು. ಗ್ಯಾಸಿನ ಕಾರ್ಖಾನೆಗಳಲ್ಲಿ ನಡೆಯುತ್ತಿದ್ದುದೂ ಇದೇ. ಆದರೆ ಅಲ್ಲಿ ಕಲ್ಲಿದ್ದಲನ್ನು ಸುಮಾರು 1,000 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಬೇಯಿಸುತ್ತಿದ್ದುದರಿಂದ ಉಳಿಯುತ್ತಿದ್ದ ಕೋಕ್ ಎಲ್ಲ ಆವಿಯನ್ನೂ ಕಳೆದುಕೊಂಡು ಗಡುಸಾಗಿ, ಮನೆಯ ತೆರೆದ ಅಗ್ಗಿಷ್ಟಿಕೆಯಲ್ಲಿ ಹೊತ್ತಿಕೊಳ್ಳಲು ಹಟಮಾಡುತ್ತಿತ್ತು. ಪಾರ್ಕರನ ಜಾಣ್ಮೆ ಇದ್ದುದು ಶಾಖವನ್ನು ತಗ್ಗಿಸಿದುದರಲ್ಲಿ. ಸುಮಾರು 600 ಡಿಗ್ರಿಗಳ ಆಸುಪಾಸಿನಲ್ಲಿ, ಗಾಳಿಯ ಸಂಪರ್ಕವಿಲ್ಲದ ಎರಕದ ಕಬ್ಬಿಣದ ಸಪೂರವಾದ ಕೊಳವೆಗಳಲ್ಲಿ ಕಲ್ಲಿದ್ದಲನ್ನು ಬೇಯಿಸಿದರೆ ಹೊಗೆಯ ಹೆಚ್ಚಿನ ಭಾಗ ಕಳೆದುಹೋಗಿ, ಸುಲಭವಾಗಿ ಹೊತ್ತಿಕೊಂಡು ಸಣ್ಣ ಜ್ವಾಲೆಯೊಂದಿಗೆ ಉರಿಯುವುದಕ್ಕೆ ಬೇಕಾದಷ್ಟು ಆವಿ ಮಾತ್ರ ಅದರೊಳಗೆ ಉಳಿಯುತ್ತದೆ. ಕಲ್ಲಿದ್ದಲಿನಲ್ಲಿ ಶಾಖವು ನಿಧಾನವಾಗಿ ಹರಿಯುವುದರಿಂದ ಕೊಳವೆಯನ್ನು ಸಪೂರವಾಗಿ ಮಾಡಬೇಕಾಯಿತು. ಬೆಂದ ಇದ್ದಲು ಉಬ್ಬಿ ಒಳಗೇ ಸಿಕ್ಕಿಕೊಳ್ಳದೆ ಕೆಳಗೆ ಜಾರಿ ಬೀಳಲೆಂದು ಕೊಳವೆಯ ತಳವನ್ನು ಬಾಯಿಗಿಂತ ಕೊಂಚ ಅಗಲವಾಗಿ ಎರಕಹೊಯ್ಯಬೇಕಾಯಿತು. ಇವೆಲ್ಲ ಎರಕದ ಮನೆಯಲ್ಲಿ ಬೆಳೆದವನಿಗೆ ಮಾತ್ರ ತೋಚುವ ಸೂಕ್ಷ್ಮಗಳು. ನಮ್ಮ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ತೆಗೆಯತೊಡಗಿದ ಮೈಸೂರಿನ ಕಾರ್ಖಾನೆಯಲ್ಲಿ ಇದೇ ಜಾತಿಯ ವಿದ್ಯೆಯನ್ನು ಕಟ್ಟಿಗೆಯ ಮೇಲೆ ಪ್ರಯೋಗಿಸಿ, ಮಲೆನಾಡಿನ ಮರವನ್ನು ಗಾಳಿಯಾಡದಂತೆ ಬೇಯಿಸಿ, ಇದ್ದಲಿನೊಂದಿಗೆ ಟಾರನ್ನೂ ಇತರ ರಸಾಯನಗಳನ್ನೂ ಪಡೆಯುತ್ತಿದ್ದರೆಂಬುದನ್ನು ನೆನೆದರೆ ಈ ಕ್ರಮದ ಸ್ವರೂಪ ಕನ್ನಡಿಗರಿಗೆ ಸುಲಭವಾಗಿ ಮನದಟ್ಟಾಗುತ್ತದೆ.

ಆವಿಷ್ಕಾರವು ಇಷ್ಟು ಸುಬೋಧವಾಗಿದ್ದರೂ ಅದರ ವಾಣಿಜ್ಯಭಾಗ್ಯ ಮಾತ್ರ ಬಹುಕಾಲ ಮಂದವಾಗಿಯೇ ಇದ್ದಿತು. 1907ರ ಸುಮಾರಿಗೆ ಈ ಇಂಧನದ ಹೆಸರಿನಲ್ಲಿ ಮೊದಲ ಕಂಪನಿ ಸ್ಥಾಪಿತವಾಗಿ, ಲಂಡನ್ನಿನ ಆಕಾಶ ಇನ್ನೇನು ನಿರ್ಮಲವಾಗುವುದೆಂಬ ಭರವಸೆಯಿಂದ ಜನ ಅದರಲ್ಲಿ ಹಣ ಹೂಡಿದರು. ಪ್ರಯೋಗಶಾಲೆಯಲ್ಲಿ ಸುಗಮವಾಗಿ ನಡೆದುದು ಕಾರ್ಖಾನೆಯ ಪ್ರಮಾಣದಲ್ಲಿ ನಡೆಯಲಿಲ್ಲ. ಹೂಡಿದವರ ಆಸೆ ಫಲಿಸಲಿಲ್ಲ. 1915ರ ಡಿಸೆಂಬರಿನಲ್ಲಿ ಪಾರ್ಕರನು ತೀರಿಕೊಂಡಾಗ ಅವನ ಇಂಧನವು ಮನೆಮಾತಾಗಿರಲಿಲ್ಲ. 1917ರಲ್ಲಿ ‘ಲೋ ಟೆಂಪರೇಚರ್ ಕಾರ್ಬನೈಸೇಷನ್ ಲಿಮಿಟೆಡ್’ ಎಂಬ ಹೊಸ ಕಂಪನಿಯು ಆ ವಿದ್ಯೆಯನ್ನು ಕೈಗೆತ್ತಿಕೊಂಡು, ಯಾರ್ಕ್‌ಷೈರಿನ ಬಾರ್ನ್ಸ್‌ಲಿಯ ಬಳಿಯ ಬಾರ್ಗ್ ಎಂಬಲ್ಲಿ ವರ್ಷಗಳ ಕಾಲ ಕೊಳವೆಗಳನ್ನು ತಿದ್ದಿ ತೀಡಿ, 1920ರ ದಶಕದ ಕೊನೆಗೆ ಅಲ್ಲಿಂದ ಆಸ್ಕರ್ನ್ ಎಂಬ ಗಣಿಯೂರಿಗೂ, 1930ರ ದಶಕದಲ್ಲಿ ಡರ್ಬಿಷೈರಿನ ಬೋಲ್ಸೋವರಿಗೂ ವಿಸ್ತರಿಸಿತು. ಬೆಟ್ಟದ ನೆತ್ತಿಯ ಮೇಲೆ ಹಳೆಯ ಕೋಟೆಯನ್ನು ಹೊತ್ತ ಬೋಲ್ಸೋವರಿನ ಕೆಳಗಿನ ಕಣಿವೆಯಲ್ಲಿ, ಕಲ್ಲಿದ್ದಲಿನ ಗಣಿಯ ಸನಿಹದಲ್ಲಿಯೇ ನೆಲೆಯೂರಿದ ಈ ಕಾರ್ಖಾನೆಯು ಕಂಪನಿಯ ಕೇಂದ್ರವಾಯಿತು. ಒಂದು ಟನ್ ಕಲ್ಲಿದ್ದಲಿನಿಂದ ಸುಮಾರು ಮುಕ್ಕಾಲು ಟನ್ನಿಗೆ ಸಮೀಪವಾಗಿ ಕೋಲೈಟ್ ದೊರೆಯುತ್ತಿತ್ತು. ಉಳಿದುದು ಗ್ಯಾಸು, ಟಾರು, ಎಣ್ಣೆಗಳ ರೂಪದಲ್ಲಿ ಬರುತ್ತಿತ್ತು. ಆ ಎಣ್ಣೆಯಿಂದ ಪೆಟ್ರೋಲನ್ನೂ ತೆಗೆಯುತ್ತಿದ್ದರು; ಕಲ್ಲಿದ್ದಲಿನಿಂದಿಳಿದ ಆ ಪೆಟ್ರೋಲಿನಿಂದ ಬ್ರಿಟಿಷ್ ವಾಯುಪಡೆಯ ಕೆಲವು ದಳಗಳ ವಿಮಾನಗಳು ಹಾರಿದುದೂ ಉಂಟು. ಈ ಉಪೋತ್ಪನ್ನಗಳನ್ನು ಓದುಗರು ನೆನಪಿನಲ್ಲಿಡಬೇಕು. ಕಥೆಯ ಉತ್ತರಾರ್ಧವೆಲ್ಲ ಅವುಗಳದೇ.

ಹೀಗೆ ಇಂಧನ ಸಿದ್ಧವಾಗಿತ್ತು, ಕಾರ್ಖಾನೆಗಳು ಎದ್ದಿದ್ದುವು, ಅಗ್ಗಿಷ್ಟಿಕೆಯ ಸುಖಕ್ಕೂ ಚ್ಯುತಿಯಿರಲಿಲ್ಲ. ಆದಾಗ್ಯೂ ಲಂಡನ್ನಿನ ಹೊಗೆ ಕಡಿಮೆಯಾಗಲಿಲ್ಲ. ಕಾರಣ ಗಹನವಾದುದೇನಲ್ಲ. ಬೇಯಿಸಿದ ಕಲ್ಲಿದ್ದಲಿಗೆ ಬೇಯಿಸದ ಕಲ್ಲಿದ್ದಲಿಗಿಂತ ಹೆಚ್ಚು ಬೆಲೆ. ಹೆಚ್ಚು ಬೆಲೆ ತೆತ್ತು ಕೋಲೈಟನ್ನು ಕೊಂಡವನ ಮನೆಯ ಹೊಗೆ ನಿಂತರೂ, ಪಕ್ಕದ ನೂರು ಮನೆಗಳ ಹೊಗೆ ಅವನ ಕಿಟಕಿಯೊಳಗೆ ನುಗ್ಗದೆ ಬಿಡುತ್ತಿರಲಿಲ್ಲ. ವ್ಯಕ್ತಿಯು ಒಂಟಿಯಾಗಿ ಮಾಡಿದ ತ್ಯಾಗದ ಫಲವನ್ನು ಊರೆಲ್ಲ ಹಂಚಿಕೊಂಡು, ಅದರ ವೆಚ್ಚವನ್ನು ಮಾತ್ರ ಅವನೊಬ್ಬನೇ ಹೊರುವಂತಿದ್ದರೆ ಆ ತ್ಯಾಗ ವ್ಯಾಪಕವಾಗುವುದೆಂದು ನಿರೀಕ್ಷಿಸುವುದು ಮನುಷ್ಯಸ್ವಭಾವವನ್ನು ಅರಿಯದವರ ಮಾತು. ಮಾರುಕಟ್ಟೆಯು ಹೊಗೆಗೆ ಬೆಲೆ ಕಟ್ಟುವುದಿಲ್ಲ. ಹೊಗೆಗೆ ಬೆಲೆ ಕಟ್ಟುವವರು ಹೊಗೆಯಿಂದ ಸಾಯುವವರು ಮಾತ್ರ.

ಆ ಬೆಲೆಯ ಲೆಕ್ಕವು ಕಟ್ಟಕಡೆಗೆ 1952ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಎದುರಿಗೆ ಬಂದು ನಿಂತಿತು. ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಗಾಳಿ ಅಲುಗದೆ ನಿಂತು, ತಣ್ಣನೆಯ ಗಾಳಿಯ ಪದರದ ಮೇಲೆ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ಕವಿದು, ಲಕ್ಷಾಂತರ ಅಗ್ಗಿಷ್ಟಿಕೆಗಳ ಹೊಗೆಯೂ ವಿದ್ಯುತ್ ಸ್ಥಾವರಗಳ ಗಂಧಕವೂ ಮಂಜಿನೊಂದಿಗೆ ಬೆರೆತು ನಗರವನ್ನು ಮುಳುಗಿಸಿತು. ಆ ದಿನಗಳಲ್ಲಿ ಬಡವರು ಕೊಳ್ಳುತ್ತಿದ್ದುದಾದರೂ ಯಾವ ಇಂಧನವನ್ನು? ಯುದ್ಧಾನಂತರದ ಪಡಿತರದ ಕಟ್ಟಳೆಯಿಂದ ಆ ತಿಂಗಳ ಮೊದಲ ದಿನವಷ್ಟೇ ಬಿಡುಗಡೆಯಾಗಿದ್ದ, ಧೂಳೂ ಚೂರೂ ತುಂಬಿದ ಕೀಳುದರ್ಜೆಯ ಕಲ್ಲಿದ್ದಲನ್ನು. ಬಸ್ಸುಗಳ ಮುಂದೆ ದೀಪ ಹಿಡಿದು ಜನ ನಡೆದರು. ಸ್ಯಾಡ್ಲರ್ಸ್ ವೆಲ್ಸ್ ನಾಟಕಮಂದಿರದೊಳಗೆ ಮಂಜು ತುಂಬಿ ‘ಲಾ ತ್ರಾವಿಯಾತಾ’ ಗೀತನಾಟಕವನ್ನು ನಡುವಿನಲ್ಲಿಯೇ ನಿಲ್ಲಿಸಬೇಕಾಯಿತು. ಪ್ರದರ್ಶನಕ್ಕೆಂದು ನಗರಕ್ಕೆ ತಂದಿದ್ದ ದಷ್ಟಪುಷ್ಟವಾದ ದನಗಳು ಉಸಿರುಕಟ್ಟಿ ಬಿದ್ದುವು. ಮನುಷ್ಯರ ಸಾವು ಮೊದಲು ಸದ್ದಿಲ್ಲದೆ ನಡೆಯಿತು. ಶವಪೆಟ್ಟಿಗೆ ಮಾಡುವವರಲ್ಲಿ ಪೆಟ್ಟಿಗೆಯೂ ಹೂ ಮಾರುವವರಲ್ಲಿ ಹೂವೂ ಮುಗಿದಾಗಲೇ ಅದರ ಪ್ರಮಾಣ ಜನರ ಅರಿವಿಗೆ ಬಂದಿತು. ಆಗಿನ ಲೆಕ್ಕದಲ್ಲಿ ಸತ್ತವರು ಸುಮಾರು 4,000; ಅನಂತರದ ವಾರಗಳ ಸಾವನ್ನೂ ಸೇರಿಸಿ ಈಚಿನ ಸಂಶೋಧಕರು ಹೇಳುವ ಸಂಖ್ಯೆ 12,000ದವರೆಗೆ ಏರುತ್ತದೆ.

ಸರಕಾರವು ಆಗಲೂ ಕೂಡಲೇ ಎಚ್ಚರಗೊಳ್ಳಲಿಲ್ಲ. ಪಾರ್ಲಿಮೆಂಟಿನ ಸದಸ್ಯರ ಒತ್ತಾಯದ ಮೇಲೆ 1953ರಲ್ಲಿ ಸರ್ ಹ್ಯೂ ಬೀವರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ದೇಶದ ಹೊಗೆಯಲ್ಲಿ ಸುಮಾರು ಅರ್ಧದಷ್ಟು ಮನೆಗಳ ಅಗ್ಗಿಷ್ಟಿಕೆಯಿಂದಲೇ ಬರುತ್ತಿದೆಯೆಂದು ಸಮಿತಿಯು ನಿಸ್ಸಂದಿಗ್ಧವಾಗಿ ತಿಳಿಸಿತು. ಜೆರಾಲ್ಡ್ ನಬಾರೋ ಎಂಬ ಸದಸ್ಯನು ಖಾಸಗಿ ಮಸೂದೆಯೊಂದನ್ನು ತಂದು ಸರಕಾರವನ್ನು ಇಕ್ಕಟ್ಟಿಗೆ ಸಿಲುಕಿಸಿದನು. ಇವೆಲ್ಲದರ ಪರಿಣಾಮವಾಗಿ 1956ರಲ್ಲಿ ಶುದ್ಧವಾಯು ಕಾಯಿದೆ ಜಾರಿಗೆ ಬಂದಿತು. ಹೊಗೆಯನ್ನು ನಿಷೇಧಿಸಿದ ಪ್ರದೇಶಗಳನ್ನು ಗುರುತಿಸುವ ಅಧಿಕಾರ ನಗರಸಭೆಗಳಿಗೆ ದೊರೆಯಿತು. ಅಂಥ ಪ್ರದೇಶದಲ್ಲಿ ಮನೆಯ ಅಗ್ಗಿಷ್ಟಿಕೆಯನ್ನು ಹೊಗೆರಹಿತ ಇಂಧನಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವ ಯುಕ್ತವಾದ ವೆಚ್ಚದಲ್ಲಿ ನೂರಕ್ಕೆ 70 ಭಾಗವನ್ನು ಸಾರ್ವಜನಿಕ ಬೊಕ್ಕಸವೇ ಹೊತ್ತಿತು. ಕಾಯಿದೆಯ ನಿಜವಾದ ಸತ್ತ್ವ ಇದ್ದುದು ಈ ಎರಡನೆಯ ಅಂಶದಲ್ಲಿ. ನಿಷೇಧವೊಂದನ್ನೇ ಹೇರಿದ್ದರೆ ಬಡವನು ಚಳಿಯಲ್ಲಿ ನಡುಗಬೇಕಾಗುತ್ತಿತ್ತು. ಸಹಾಯವೊಂದನ್ನೇ ಮಾಡಿದ್ದರೆ ನೆರೆಯವನ ಹೊಗೆ ನಿಲ್ಲುತ್ತಿರಲಿಲ್ಲ. ಪಾರ್ಕರನ ಕೊಳವೆಯಿಂದ ಹೊರಬಂದ ಇಂಧನವು ಸಾಮಾನ್ಯನ ಅಗ್ಗಿಷ್ಟಿಕೆಗೆ ಧೈರ್ಯವಾಗಿ ಇಳಿದುದು ಅದು ಹುಟ್ಟಿ ಅರ್ಧಶತಮಾನ ಕಳೆದ ಮೇಲೆ. ಅದನ್ನು ಅಲ್ಲಿಗೆ ಇಳಿಸಿದ ಶಕ್ತಿ ಶಾಸನ ಮತ್ತು ಬೊಕ್ಕಸಗಳದು. ಹೊಗೆಯಿಲ್ಲದ ಇಂಧನಕ್ಕೆ ಬೇಡಿಕೆ ಹೇಗೆ ಏರಿತೆಂದರೆ 1960ರ ದಶಕದಲ್ಲಿ ಅದರ ಅಭಾವವೇ ಸರಕಾರಕ್ಕೆ ಹೊಸ ಚಿಂತೆಯಾಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಇದು ವಿಜ್ಞಾನಕ್ಕೂ ಪ್ರಜಾಪ್ರಭುತ್ವಕ್ಕೂ ಏಕಕಾಲದಲ್ಲಿ ಸಂದ ಜಯದ ಕಥೆಯಾಗುತ್ತಿತ್ತು. ಆದರೆ ಲಂಡನ್ನಿನ ಅಗ್ಗಿಷ್ಟಿಕೆಯಿಂದ ಏಳದೆಹೋದ ಹೊಗೆಯು ಶೂನ್ಯದಲ್ಲಿ ಲೀನವಾಗಿರಲಿಲ್ಲ. ಅದು ಬೋಲ್ಸೋವರಿನ ಕಣಿವೆಯಲ್ಲಿ ಟಾರಾಗಿ, ಎಣ್ಣೆಯಾಗಿ, ಫೀನಾಲುಗಳಾಗಿ ಪೀಪಾಯಿಗಳಲ್ಲಿ ಕುಳಿತಿದ್ದಿತು. ಅದನ್ನು ವ್ಯರ್ಥಮಾಡದೆ ರಸಾಯನಗಳಾಗಿ ಮಾರಿ ಲಾಭ ಗಳಿಸುವ ವಿದ್ಯೆಯನ್ನು ಕಂಪನಿಯು ಚೆನ್ನಾಗಿ ಕರಗತಮಾಡಿಕೊಂಡಿತು. 1948ರಿಂದ ಅದರ ಹೆಸರೇ ‘ಕೋಲೈಟ್ ಅಂಡ್ ಕೆಮಿಕಲ್ ಪ್ರಾಡಕ್ಟ್ಸ್’ ಎಂದಾಗಿತ್ತು. 1960ರ ದಶಕದಲ್ಲಿ ಅಲ್ಲಿ ಕಳೆನಾಶಕಗಳಿಗೂ ಕ್ರಿಮಿನಾಶಕಗಳಿಗೂ ಮೂಲದ್ರವ್ಯವಾದ ಟ್ರೈಕ್ಲೋರೋಫೀನಾಲ್ ಎಂಬ ರಸಾಯನವನ್ನು ತಯಾರಿಸತೊಡಗಿದರು. 1968ರ ಏಪ್ರಿಲ್ 24ರಂದು ಅದನ್ನು ತಯಾರಿಸುತ್ತಿದ್ದ ಪಾತ್ರೆಯೊಳಗಿನ ಶಾಖವು ಹದ್ದುಮೀರಿ ಸ್ಫೋಟ ಸಂಭವಿಸಿತು. ಕರ್ತವ್ಯದಲ್ಲಿದ್ದ ರಸಾಯನತಜ್ಞನೊಬ್ಬನು ಸ್ಥಳದಲ್ಲಿಯೇ ಪ್ರಾಣಬಿಟ್ಟನು. ಅನಂತರದ ತಿಂಗಳುಗಳಲ್ಲಿ 79 ಜನ ಕೆಲಸಗಾರರ ಮುಖ ಮೈಗಳ ಮೇಲೆ ಗುಳ್ಳೆಗಳೆದ್ದು, ವಾಸಿಯಾಗದ ಚರ್ಮರೋಗವಾಗಿ ಕಾಡಿತು. ಡಯಾಕ್ಸಿನ್ ಎಂಬ ವಿಷವು ಮೈಸೋಂಕಿದುದರ ಕುರುಹು ಅದು. ವರ್ಷಗಳು ಕಳೆದ ಮೇಲೆ ಅಲ್ಲಿನ ಹಳೆಯ ಪಾತ್ರೆಯೊಂದರ ಮೇಲೆ ಕೆಲಸಮಾಡಿದ ಗುತ್ತಿಗೆಯ ಕೊಳಾಯಿಗಾರರಿಗೂ, ಕಾರ್ಖಾನೆಯ ಹೊಸಲನ್ನೇ ತುಳಿಯದ ಅವರ ಮನೆಯವರಿಗೂ ಅದೇ ರೋಗ ತಗುಲಿತು. ದುಡಿದು ಬಂದವನು ಕಳಚಿಟ್ಟ ಬಟ್ಟೆಯೊಂದಿಗೆ ವಿಷವು ಮನೆಯನ್ನು ಹೊಕ್ಕಿತ್ತು.

1976ರ ಜುಲೈಯಲ್ಲಿ ಇಟಲಿಯ ಸೆವೆಸೊ ಎಂಬ ಊರಿನ ಮೇಲೆ ಇದೇ ರಸಾಯನದ ತಯಾರಿಕೆಯಿಂದ ಡಯಾಕ್ಸಿನ್ನಿನ ಮೋಡ ಕವಿದು ಪ್ರಪಂಚವೆಲ್ಲ ಬೆಚ್ಚಿಬಿದ್ದ ಬಳಿಕವೇ ಬೋಲ್ಸೋವರಿನಲ್ಲಿ ಅದರ ತಯಾರಿಕೆ ನಿಂತಿತು. ನಿಂತಮಾತ್ರಕ್ಕೆ ಹಳೆಯ ಸಾಲ ತೀರಲಿಲ್ಲ. 1991ರಲ್ಲಿ ಕಾರ್ಖಾನೆಯ ಸಮೀಪದ ಹೊಲಗಳಲ್ಲಿ ಮೇಯುತ್ತಿದ್ದ ಹಸುಗಳ ಹಾಲಿನಲ್ಲಿ ಡಯಾಕ್ಸಿನ್ ಮಿತಿಮೀರಿದ ಪ್ರಮಾಣದಲ್ಲಿ ಕಂಡುಬಂದು, ಆ ಹಾಲಿನ ಮಾರಾಟವನ್ನು ಸರಕಾರವು ನಿಷೇಧಿಸಬೇಕಾಯಿತು. ರಸಾಯನದ ಕಸವನ್ನು ಸುಡುತ್ತಿದ್ದ ಕುಲುಮೆಯನ್ನು ಮುಚ್ಚಲಾಯಿತು. ಊರ ಬದಿಯ ಡೋ ಲೀ ಎಂಬ ಸಣ್ಣ ಹೊಳೆಯ ಕೆಸರಿನಲ್ಲಿಯೂ ಅದೇ ವಿಷ ದೊರೆಯಿತು. 1996ರಲ್ಲಿ ನ್ಯಾಯಾಲಯವು ಕಂಪನಿಗೆ 1,50,000 ಪೌಂಡುಗಳ ದಂಡ ವಿಧಿಸಿತು. ಅಷ್ಟರಲ್ಲಿ ಕಂಪನಿಯ ಒಡೆತನವು ಕೈಯಿಂದ ಕೈಗೆ ದಾಟಿಹೋಗಿತ್ತು. 1970ರ ದಶಕದ ಕೊನೆಗೆ ಅದು ಕೊಂಡ ಇನ್ನೊಂದು ವ್ಯಾಪಾರಸಂಸ್ಥೆಯ ಮೂಲಕ ದಕ್ಷಿಣ ಅಟ್ಲಾಂಟಿಕ್ ಸಮುದ್ರದ ಫಾಕ್ಲೆಂಡ್ ದ್ವೀಪಗಳ ದೊಡ್ಡದೊಂದು ಭಾಗದ ಭೂಮಿಯೇ ಅದರ ವಶಕ್ಕೆ ಬಂದಿತ್ತೆಂದರೆ ಅದರ ಐಶ್ವರ್ಯವನ್ನು ಊಹಿಸಬಹುದು; 1989ರಲ್ಲಿ ಆಂಗ್ಲೋ ಯುನೈಟೆಡ್ ಎಂಬ ಚಿಕ್ಕ ಸಂಸ್ಥೆಯು ಸಾಲಮಾಡಿ 478 ಮಿಲಿಯ ಪೌಂಡುಗಳಿಗೆ ಅದನ್ನು ಕೊಂಡಿತು. ಗಣಿಗಳು ಮುಚ್ಚಿ, ಮನೆಗಳಿಗೆ ನೈಸರ್ಗಿಕ ಗ್ಯಾಸು ಬಂದು, ಅಗ್ಗಿಷ್ಟಿಕೆಯ ಕಾಲವೇ ಸರಿದುಹೋದಂತೆ ಉದ್ಯಮ ಕುಗ್ಗಿತು. 2004ರಲ್ಲಿ ಬೋಲ್ಸೋವರಿನ ಕಾರ್ಖಾನೆ ಬಾಗಿಲು ಹಾಕಿತು. ವಿಷವನ್ನು ಹೀರಿದ ಮಣ್ಣು ಮಾತ್ರ ಅಲ್ಲಿಯೇ ಉಳಿದು, ಅದನ್ನು ಶುದ್ಧಿಗೊಳಿಸುವ ಭಾರ ಮುಂದಿನ ಪೀಳಿಗೆಯ ಪಾಲಿಗೆ ಬಂದಿತು.

ಇದು ಒಂದು ಕಂಪನಿಯ ದುರದೃಷ್ಟವೆಂದು ಹೇಳಿ ಮುಗಿಸುವಂತಿಲ್ಲ. ದಕ್ಷಿಣ ವೇಲ್ಸಿನ ಅಬರ್‌ಕುಂಬಾಯಿಯಲ್ಲಿ 1942ರಿಂದ ಸುಮಾರು ಐವತ್ತು ವರ್ಷಗಳ ಕಾಲ ‘ಫರ್ನಸೈಟ್’ ಎಂಬ ಇನ್ನೊಂದು ನಿರ್ಧೂಮ ಇಂಧನದ ಕಾರ್ಖಾನೆ ನಡೆಯಿತು. ನಗರಗಳಲ್ಲಿ ಹೊಗೆಯಿಲ್ಲದೆ ಉರಿಯುತ್ತಿದ್ದ ಆ ಇಂಧನದ ಇಟ್ಟಿಗೆಗಳನ್ನು ತಯಾರಿಸುವ ಕಣಿವೆಯು ಹಗಲಿರುಳೂ ಕಪ್ಪು ಹೊಗೆಯಲ್ಲಿ ಮುಳುಗಿತ್ತು. ಒಗೆದು ಹರವಿದ ಬಟ್ಟೆಗೆ ಮಸಿ, ಬೆಟ್ಟದ ಮರಗಳಿಗೆ ಮಸಿ, ಕೆಲಸಗಾರನ ಶ್ವಾಸಕೋಶಕ್ಕೂ ಮಸಿ. ಆ ಕೆಲಸಗಾರರ ರೋಗಗಳ ಬಗೆಗಿನ ವ್ಯಾಜ್ಯವು ಹೈಕೋರ್ಟಿನಲ್ಲಿ ತೀರ್ಮಾನವಾಗಿ ಅವರಲ್ಲಿ ಕೆಲವರಿಗೆ ಪರಿಹಾರದ ಹಕ್ಕು ದೊರೆತುದು 2012ರಲ್ಲಿ, ಕಾರ್ಖಾನೆ ಮುಚ್ಚಿ ಎರಡು ದಶಕಗಳು ಕಳೆದ ಮೇಲೆ. ಲಂಡನ್ನಿನ ಹೊಗೆಗೆ ರಾಜಧಾನಿಯ ಪತ್ರಿಕೆಗಳಿದ್ದುವು, ಪಾರ್ಲಿಮೆಂಟಿದ್ದಿತು, ಸಮಿತಿಯಿದ್ದಿತು. ಗಣಿಯ ಕಣಿವೆಗಳ ಹೊಗೆಗೆ ಅಲ್ಲಿನ ದುಡಿಮೆಗಾರರ ಕೆಮ್ಮನ್ನು ಬಿಟ್ಟು ಬೇರೆ ಸಾಕ್ಷಿಯಿರಲಿಲ್ಲ.

ಹಾಗಾದರೆ ಕೋಲೈಟ್ ಹುಟ್ಟದೆ ಇದ್ದಿದ್ದರೇ ಲೇಸಾಗಿತ್ತೆ ಎಂದು ಕೇಳುವವರಿರಬಹುದು. ಖಂಡಿತವಾಗಿಯೂ ಅಲ್ಲ. ನಗರದಲ್ಲಿ ಪ್ರತಿ ಚಳಿಗಾಲದಲ್ಲಿಯೂ ಸಾವಿರಾರು ವೃದ್ಧರನ್ನೂ ಶಿಶುಗಳನ್ನೂ ಕೊಲ್ಲುತ್ತಿದ್ದ ಹೊಗೆಯನ್ನು ನಿಲ್ಲಿಸಿದುದು ಮಹೋಪಕಾರ. ಅದನ್ನು ಅಲ್ಲಗಳೆಯುವವನು ಕೃತಘ್ನ. ಚದುರಿದ ಮಾಲಿನ್ಯವನ್ನು ಒಂದೆಡೆ ಕೂಡಿಹಾಕುವುದರಲ್ಲಿ ಒಂದು ದೊಡ್ಡ ಲಾಭವೂ ಉಂಟು: ಕೋಟಿ ಚಿಮಣಿಗಳನ್ನು ಕಾಯುವುದು ಅಸಾಧ್ಯ, ಒಂದು ಕಾರ್ಖಾನೆಯನ್ನು ಕಾಯುವುದು ಸಾಧ್ಯ. ದೋಷವಿದ್ದುದು ಆ ಸಾಧ್ಯತೆಯನ್ನು ಬಳಸಿಕೊಳ್ಳದೆ ಹೋದುದರಲ್ಲಿ. ಅಗ್ಗಿಷ್ಟಿಕೆಯನ್ನು ಬದಲಾಯಿಸಲು ನೂರಕ್ಕೆ 70 ಭಾಗವನ್ನು ಉದಾರವಾಗಿ ನೀಡಿದ ರಾಜ್ಯವು, ಆ ಅಗ್ಗಿಷ್ಟಿಕೆಗಾಗಿ ಇಂಧನ ಬೇಯಿಸುತ್ತಿದ್ದ ಊರಿನ ಹಾಲನ್ನು ಪರೀಕ್ಷಿಸಿ ನೋಡಲು 1991ರವರೆಗೆ ಕಾಯಿತೆಂಬುದು ಆಕಸ್ಮಿಕವಲ್ಲ. ಶುದ್ಧವಾದ ಇಂಧನವೆಂದರೆ ಉರಿಯುವ ಜಾಗದಲ್ಲಿ ಶುದ್ಧವಾದುದು ಎಂಬ ಅರ್ಧಸತ್ಯವನ್ನು ಪೂರ್ಣಸತ್ಯವೆಂದು ಭಾವಿಸಿದುದರ ಫಲ ಅದು.

ಇದೇ ಅರ್ಧಸತ್ಯವು ನಮ್ಮ ದೇಶದಲ್ಲಿಯೂ ಹಳೆಯದು. ಕಲ್ಕತ್ತೆಯ ಅಡುಗೆಮನೆಗಳಿಗಾಗಿ ಝರಿಯಾದ ಗಣಿಗಳ ಬಳಿ ಕಲ್ಲಿದ್ದಲನ್ನು ಬಯಲಿನಲ್ಲಿ ರಾಶಿಹಾಕಿ, ಬೆಂಕಿಯಿಟ್ಟು, ಅದರ ಆವಿಯನ್ನೆಲ್ಲ ಗಾಳಿಗೆ ಬಿಟ್ಟು ಮೆದು ಕೋಕ್ ತಯಾರಿಸುವ ಪದ್ಧತಿ ಬಹುಕಾಲದಿಂದ ಇದ್ದಿತು. ಅದರ ಪ್ರಚಾರಕ್ಕೆ ಹಣ ಒದಗಿಸಲೆಂದು ಸುಂಕ ವಿಧಿಸುವ ಶಾಸನವೇ 1929ರಲ್ಲಿ ಆಗಿತ್ತು. ನಗರದ ಗೃಹಿಣಿಯ ಕಣ್ಣುರಿ ಕೊಂಚ ಕಡಿಮೆಯಾಯಿತು. ಅವಳು ಕಾಣದ ಹೊಗೆಯೆಲ್ಲ ಗಣಿಯ ಕೂಲಿಗಳ ಗುಡಿಸಲುಗಳ ಮೇಲೆ ಕವಿಯಿತು. ಇಂದಿನ ಕರ್ನಾಟಕದ ಮಾತನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಮನೆಯೊಂದರಲ್ಲಿ ವಿದ್ಯುತ್ತಿನ ಒಲೆಯ ಮೇಲೆ ಹಾಲು ಉಕ್ಕುವಾಗ ಹೊಗೆಯ ಒಂದು ಎಳೆಯೂ ಏಳುವುದಿಲ್ಲ. ಆ ವಿದ್ಯುತ್ತಿನ ಒಂದು ಪಾಲು ರಾಯಚೂರಿನ ಶಕ್ತಿನಗರದಲ್ಲಿ ಕೃಷ್ಣೆಯ ದಡದಲ್ಲಿ ಕಲ್ಲಿದ್ದಲನ್ನು ಉರಿಸಿ ಬಂದದ್ದು. 1985ರಿಂದ ನಾಡಿಗೆಲ್ಲ ಬೆಳಕನ್ನೀಯುತ್ತಿರುವ ಆ ಸ್ಥಾವರದ ಉಪಕಾರ ದೊಡ್ಡದು; ಅಲ್ಲಿಂದ ಏಳುವ ಹಾರುಬೂದಿಯನ್ನು ಸುತ್ತಲಿನ ಹಳ್ಳಿಗಳವರು ಬಲ್ಲಷ್ಟು ರಾಜಧಾನಿಯವರು ಬಲ್ಲರೆ? ಬಿಸಿಲೂರಿನ ಗಾಳಿ ಬೀಸಿದಾಗ ಹತ್ತಿಯ ಹೊಲದ ಮೇಲೆ, ಅಂಗಳದ ನೀರಿನ ಕೊಡದ ಮೇಲೆ ಕೂರುವ ಆ ಬೂದಿಯು ನಮ್ಮ ಶುದ್ಧವಾದ ಒಲೆಯದೇ ಬೂದಿ.

ಹಾಗೆಂದು ಸೌದೆಯ ಒಲೆಯನ್ನು ಕೊಂಡಾಡುವುದು ಕ್ರೌರ್ಯವೇ ಸರಿ. ಊದುಗೊಳವೆಯನ್ನು ಬಾಯಿಗಿಟ್ಟು, ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣೀರಿಡುತ್ತ ತಲೆಮಾರುಗಳ ಕಾಲ ನಮ್ಮ ತಾಯಂದಿರು ಬೇಯಿಸಿ ಬಡಿಸಿದರು. ಅವರ ಕೆಮ್ಮಿನ ಲೆಕ್ಕವನ್ನು ಯಾವ ಸಮಿತಿಯೂ ಬರೆದಿಡಲಿಲ್ಲ. 2016ರಲ್ಲಿ ಉಜ್ವಲಾ ಯೋಜನೆಯು ಬಡವರ ಮನೆಗೆ ಗ್ಯಾಸಿನ ಸಂಪರ್ಕವನ್ನು ಒಯ್ದುದು ಸ್ತುತ್ಯವಾದ ಕಾರ್ಯ. ಆದರೆ ಮೊದಲ ಸಿಲಿಂಡರು ಬರಿದಾದ ಮೇಲೆ ಎರಡನೆಯದನ್ನು ಕೊಳ್ಳುವ ಶಕ್ತಿಯಿಲ್ಲದ ಮನೆಯಲ್ಲಿ ಸೌದೆಯ ಒಲೆಯೇ ಮತ್ತೆ ಹೊತ್ತಿಕೊಳ್ಳುತ್ತದೆ. ಕೋಲೈಟನ್ನು ಐವತ್ತು ವರ್ಷ ಕಾಯಿಸಿದ ಬೆಲೆಯ ಪ್ರಶ್ನೆಯೇ ಇಲ್ಲಿಯೂ ಅಡ್ಡಬಂದು ನಿಂತಿದೆ. ಈ ಸಂದರ್ಭದಲ್ಲಿ ನೆನೆಯಬೇಕಾದ ಪ್ರಯತ್ನವೊಂದು ನಮ್ಮಲ್ಲಿಯೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಘಟಕದಿಂದ ಅಸ್ತ್ರ ಒಲೆ ಹೊರಬಂದಿತು. ಮುಚ್ಚಿದ ಒಡಲಿನಲ್ಲಿ ಸೌದೆಯ ಆವಿಯೂ ಚೆನ್ನಾಗಿ ಉರಿಯುವಂತೆ ಗಾಳಿಯ ದಾರಿಯನ್ನು ಅಳೆದು, ಉಳಿದ ಶಾಖವನ್ನು ಮೂರು ಪಾತ್ರೆಗಳಿಗೆ ಹಂಚಿ, ಹೊಗೆಕೊಳವೆಯೊಂದನ್ನಿಟ್ಟ ಆ ಒಲೆಯ ವಿಶೇಷವೇನೆಂದರೆ, ಹೊಗೆಯನ್ನು ಇನ್ನೊಂದು ಊರಿಗೆ ಕಳುಹಿಸುವುದಕ್ಕೆ ಮುನ್ನ ಅದು ಹುಟ್ಟುವುದನ್ನೇ ತಗ್ಗಿಸಲು ಯತ್ನಿಸಿದುದು. ಮಾಲಿನ್ಯವನ್ನು ಸ್ಥಳಾಂತರಿಸುವ ವಿದ್ಯೆಗಿಂತ ಅದನ್ನು ಹುಟ್ಟಿಸದಿರುವ ವಿದ್ಯೆ ಮೇಲು.

ಇಂಗ್ಲೆಂಡು ಈಚೆಗೆ, 2023ರ ಹೊತ್ತಿಗೆ, ಮನೆಗಳಲ್ಲಿ ಉರಿಸಲು ಹೊಗೆಯುಗುಳುವ ಸಾಮಾನ್ಯ ಕಲ್ಲಿದ್ದಲನ್ನು ಮಾರುವುದನ್ನೇ ನಿಲ್ಲಿಸಿಬಿಟ್ಟಿತು. ಎವೆಲಿನ್ನನ ಪುಸ್ತಿಕೆಯಿಂದ ಎಣಿಸಿದರೆ ಆ ಹೆಜ್ಜೆಯಿಡಲು ಮುನ್ನೂರ ಅರವತ್ತು ವರ್ಷಗಳು ಹಿಡಿದುವು. ನಮಗೆ ಅಷ್ಟು ವ್ಯವಧಾನವಿಲ್ಲ. ಆದುದರಿಂದ ನಮ್ಮ ಸರಕಾರಗಳು ಯಾವ ಇಂಧನಕ್ಕೆ ಶುದ್ಧವೆಂಬ ಹೆಸರಿಟ್ಟು ಸಾರ್ವಜನಿಕರ ಹಣವನ್ನು ವಿನಿಯೋಗಿಸುತ್ತವೆಯೋ ಆ ಇಂಧನ ಹುಟ್ಟುವ ಊರಿನ ಗಾಳಿ, ನೀರು, ಹಾಲುಗಳ ಪರೀಕ್ಷೆಗೂ ಅದೇ ಹಣದಿಂದ ಒಂದು ಪಾಲನ್ನು ಕಡ್ಡಾಯವಾಗಿ ತೆಗೆದಿರಿಸಬೇಕು. ಆ ಪರೀಕ್ಷೆಯ ಫಲವನ್ನು ಊರಿನ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದಿ ಹೇಳಬೇಕು. ಅಲ್ಲಿ ದುಡಿಯುವವರ ಆರೋಗ್ಯದ ದಾಖಲೆಯು ಒಡೆತನ ಬದಲಾದಾಗ ಕಳೆದುಹೋಗದಂತೆ ರಾಜ್ಯವೇ ಅದನ್ನು ಕಾಪಾಡಬೇಕು. ಇದು ದುಬಾರಿಯೆನ್ನುವವರು ಬೋಲ್ಸೋವರಿನ ಮಣ್ಣನ್ನು ತೊಳೆಯಲು ತಗಲುವ ವೆಚ್ಚವನ್ನೊಮ್ಮೆ ಯೋಚಿಸಲಿ. ನಗರದ ಮನೆಗೆ ಹೊಗೆಯಿಲ್ಲದ ಒಲೆ ಎಷ್ಟರಮಟ್ಟಿಗೆ ಹಕ್ಕೋ, ಅದಕ್ಕೆ ಇಂಧನ ಒದಗಿಸುವ ಊರಿಗೆ ಬೂದಿಯಿಲ್ಲದ ಗಾಳಿಯೂ ಅಷ್ಟರಮಟ್ಟಿಗೇ ಹಕ್ಕು. ಈ ಎರಡನ್ನೂ ಒಂದೇ ಶಾಸನದಲ್ಲಿ, ಒಂದೇ ಆಯವ್ಯಯದಲ್ಲಿ ಕೂಡಿಸಿ ಬರೆಯುವ ಸರಕಾರವೇ ತನ್ನ ಇಂಧನವನ್ನು ಶುದ್ಧವೆಂದು ಕರೆಯುವ ಅಧಿಕಾರವನ್ನು ಪಡೆಯುತ್ತದೆ.